ಹಳೆಯ ಬೈಕಿನ ವಿದ್ಯುತ್ ದೋಷ: ಭಾಗ ಬದಲಿಸುವ ಮೊದಲು ಅಳೆದು ನೋಡುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ದಿ, ಪಾಯಿಂಟ್ ಇಗ್ನಿಶನ್ (ತೆರೆದು ಮುಚ್ಚುವ ಲೋಹದ ಸಂಪರ್ಕದಿಂದ ಕಿಡಿ ಹುಟ್ಟಿಸುವ ವ್ಯವಸ್ಥೆ) ಕಾಲದ ರಾಯಲ್ ಎನ್‌ಫೀಲ್ಡ್ ಬುಲೆಟ್, 1985ರಲ್ಲಿ ಮಾರುಕಟ್ಟೆಗೆ ಬಂದ ಯಮಹಾ ಆರ್‌ಎಕ್ಸ್ 100, ಈ ಬೈಕುಗಳು ಇಂದಿಗೂ ನಮ್ಮ ರಸ್ತೆಗಳಲ್ಲಿ ಓಡುತ್ತಿವೆ. ಇವುಗಳ ಎಂಜಿನ್ ಬಿಚ್ಚಿ ಕಟ್ಟಬಲ್ಲ ಅನುಭವಿ ಮೆಕ್ಯಾನಿಕ್‌ಗಳು ಸಣ್ಣ ಊರುಗಳಲ್ಲಿಯೂ ಸಿಗುತ್ತಾರೆ. ಆದರೆ ದೀಪ ಮಂಕಾದಾಗ, ಕಿಡಿ ಬಿಟ್ಟುಬಿಟ್ಟು ಬರುವಾಗ, ಬ್ಯಾಟರಿ ವಾರಕ್ಕೊಮ್ಮೆ ಕೂತುಬಿಡುವಾಗ ಮೊದಲು ಬ್ಯಾಟರಿ, ಆಮೇಲೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ), ಆಮೇಲೆ ಆರ್‌ಆರ್ ಯೂನಿಟ್ (ಚಾರ್ಜಿಂಗನ್ನು ನಿಯಂತ್ರಿಸುವ ರೆಗ್ಯುಲೇಟರ್-ರೆಕ್ಟಿಫೈಯರ್), ಕೊನೆಗೆ ಇಡೀ ವೈರಿಂಗ್ ಕಿಟ್ ಹೀಗೆ ಒಂದೊಂದಾಗಿ ಬದಲಿಸುತ್ತಾ ಹೋಗುವುದು ಬಹಳ ಕಡೆ ರೂಢಿಯಾಗಿದೆ. ಸಾವಿರಾರು ರೂಪಾಯಿ ಖರ್ಚಾದ ಮೇಲೂ ದೋಷ ಹಾಗೆಯೇ ಉಳಿದರೆ ಮಾಲೀಕರು ಬೇಸತ್ತು ಬೈಕನ್ನು ಗುಜರಿಗೆ ಕೊಡುತ್ತಾರೆ. ಇದು ನಿಜಕ್ಕೂ ದುಃಖದ ಸಂಗತಿ, ಏಕೆಂದರೆ ಇಂತಹ ಬೈಕುಗಳಲ್ಲಿ ದೋಷ ಸಾಮಾನ್ಯವಾಗಿ ಬೆಲೆಬಾಳುವ ಭಾಗದಲ್ಲಿ ಇರುವುದಿಲ್ಲ. ಕಿಲುಬು ಹಿಡಿದ ಒಂದು ಜೋಡಣೆಯಲ್ಲಿ, ಸಡಿಲವಾದ ಒಂದು ಅರ್ಥಿಂಗ್ (ಕರೆಂಟು ಫ್ರೇಮಿನ ಮೂಲಕ ಬ್ಯಾಟರಿಗೆ ಮರಳುವ ದಾರಿ) ಬೋಲ್ಟಿನಲ್ಲಿ ಅಥವಾ ಸವೆದ ಒಂದು ಸ್ವಿಚ್ಚಿನಲ್ಲಿ ಇರುತ್ತದೆ. ಅದನ್ನು ಕಣ್ಣಿನಿಂದ ಕಾಣುವುದು ಕಷ್ಟ, ಮೀಟರಿನಿಂದ ಕಾಣುವುದು ಸುಲಭ. ಈ ಬರಹದಲ್ಲಿ ಹೇಳಲಿರುವುದು ಆ ಅಳತೆಯ ಕ್ರಮವನ್ನು.

ಬೇಕಾಗುವ ಸಲಕರಣೆ ಮತ್ತು ಎಚ್ಚರಿಕೆ

ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮಲ್ಟಿಮೀಟರ್ ಈ ಕೆಲಸಕ್ಕೆ ಸಾಕು. ಅದರ ಜೊತೆಗೆ ಎರಡು ವೈರ್ ಬೆಸೆದ ಒಂದು ಬಲ್ಬ್, ಅಂದರೆ ಟೆಸ್ಟ್ ಲ್ಯಾಂಪ್, ಖಂಡಿತ ಇರಬೇಕು. ಮೀಟರ್ ತೀರ ಅಲ್ಪ ಕರೆಂಟನ್ನು ಮಾತ್ರ ಎಳೆಯುವುದರಿಂದ, ಒಂದೇ ಒಂದು ತಾಮ್ರದ ಎಳೆ ಉಳಿದಿರುವ ವೈರಿನಲ್ಲಿಯೂ ಪೂರ್ಣ ವೋಲ್ಟೇಜ್ ತೋರಿಸುತ್ತದೆ. ಬಲ್ಬ್ ಕರೆಂಟ್ ಎಳೆಯುವುದರಿಂದ ಅಂತಹ ವೈರಿನ ಬಂಡವಾಳವನ್ನು ಕೂಡಲೇ ಬಯಲಿಗೆಳೆಯುತ್ತದೆ. ಇವುಗಳೊಂದಿಗೆ ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು), ನಯವಾದ ಉಪ್ಪು ಕಾಗದ, ಕ್ಲಿಪ್ ಹಾಕಿದ ಎರಡು ಉದ್ದನೆಯ ವೈರುಗಳು, ಸರಿಯಾದ ಆಂಪಿಯರಿನ ಕೆಲವು ಫ್ಯೂಸುಗಳು ಮತ್ತು ಆ ಮಾದರಿಯ ವೈರಿಂಗ್ ನಕ್ಷೆ ಇದ್ದರೆ ಮನೆಯಂಗಳದಲ್ಲಿಯೇ ಹೆಚ್ಚಿನ ಕೆಲಸ ಮುಗಿಯುತ್ತದೆ.

ವೈರಿನ ಬಣ್ಣವನ್ನು ನಂಬುವ ಮೊದಲು ನಕ್ಷೆ ನೋಡುವುದು ಅಗತ್ಯ. ಯಮಹಾದಲ್ಲಿ ಕಪ್ಪು ವೈರ್ ಅರ್ಥಿಂಗ್, ಕಂದು ವೈರ್ ಕೀ ಆನ್ ಮಾಡಿದಾಗ ಸಪ್ಲೈ ಬರುವ ವೈರ್. ಹೀರೋ ಹೋಂಡಾದಲ್ಲಿ ಅರ್ಥಿಂಗ್ ಹಸಿರು, ಕೀ ಆನ್ ಮಾಡಿದಾಗ ಸಪ್ಲೈ ಬರುವುದು ಕಪ್ಪಿನಲ್ಲಿ. ಸುಜುಕಿಯಲ್ಲಿ ಅರ್ಥಿಂಗಿಗೆ ಬಳಸುವ ಕಪ್ಪು-ಬಿಳಿ ಪಟ್ಟೆಯ ವೈರ್ ಯಮಹಾ ಮತ್ತು ಹೋಂಡಾಗಳಲ್ಲಿ ಎಂಜಿನ್ ನಿಲ್ಲಿಸುವ ವೈರಾಗಿರುತ್ತದೆ. ಒಂದು ಕಂಪನಿಯ ಬೈಕಿನಲ್ಲಿ ಕೈಪಳಗಿದವರು ಇನ್ನೊಂದರಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಇದಲ್ಲದೆ ಮೂವತ್ತು ನಲವತ್ತು ವರ್ಷಗಳಲ್ಲಿ ಹಲವು ಕೈ ಬದಲಾದ ಬೈಕಿನಲ್ಲಿ, ಅಂದು ಅಂಗಡಿಯಲ್ಲಿ ಸಿಕ್ಕ ಬಣ್ಣದ ವೈರನ್ನೇ ಯಾರೋ ಜೋಡಿಸಿರುವ ಸಾಧ್ಯತೆಯೂ ಇರುತ್ತದೆ.

ಬ್ಯಾಟರಿಯ ಯಾವ ಧ್ರುವ ಫ್ರೇಮಿಗೆ ಸೇರಿದೆ ಎಂಬುದನ್ನು ಬಿಚ್ಚುವ ಮೊದಲೇ ಬರೆದಿಟ್ಟುಕೊಳ್ಳಬೇಕು. ನಮ್ಮಲ್ಲಿನ ಹೆಚ್ಚಿನ ಬೈಕುಗಳಲ್ಲಿ ನೆಗೆಟಿವ್ ಫ್ರೇಮಿಗೆ ಸೇರಿರುತ್ತದೆ, ಆದರೆ ಬಿಎಸ್‌ಎ, ಟ್ರಯಂಫ್, ನಾರ್ಟನ್‌ನಂತಹ ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಪಾಸಿಟಿವ್ ಸೇರಿರುವುದೇ ಸಾಮಾನ್ಯ. ಮುಂದೆ ಹೇಳುವ ಅಳತೆಗಳೆಲ್ಲ ನೆಗೆಟಿವ್ ಅರ್ಥಿಂಗ್ ಇರುವ ಬೈಕಿಗೆ ಅನ್ವಯಿಸುತ್ತವೆ. ಬ್ಯಾಟರಿ ಕಳಚುವಾಗ ಅರ್ಥಿಂಗ್ ವೈರನ್ನು ಮೊದಲು ತೆಗೆದು, ಜೋಡಿಸುವಾಗ ಅದನ್ನು ಕೊನೆಯಲ್ಲಿ ಹಾಕಿದರೆ ಸ್ಪ್ಯಾನರ್ ಫ್ರೇಮಿಗೆ ತಾಗಿ ಶಾರ್ಟ್ ಆಗುವ ಅಪಾಯವಿರುವುದಿಲ್ಲ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಹೊರಬರುತ್ತದೆ, ಪೆಟ್ರೋಲ್ ಟ್ಯಾಂಕ್ ಬಿಚ್ಚಿದಾಗ ಪೈಪಿನಿಂದ ಹನಿಗಳು ಬೀಳುತ್ತವೆ. ಆದ್ದರಿಂದ ಗಾಳಿಯಾಡುವ ಜಾಗದಲ್ಲಿ ಮಾತ್ರ ಕೆಲಸ ಮಾಡಬೇಕು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು.

ಮೊದಲು ಬ್ಯಾಟರಿ

ಬ್ಯಾಟರಿಯ ಸ್ಥಿತಿ ತಿಳಿಯದೆ ಮಾಡುವ ಉಳಿದ ಎಲ್ಲ ಪರೀಕ್ಷೆಗಳೂ ದಾರಿ ತಪ್ಪಿಸುತ್ತವೆ. ಪೂರ್ಣ ಚಾರ್ಜ್ ಮಾಡಿ, ಕೆಲವು ಗಂಟೆ ಹಾಗೆಯೇ ಬಿಟ್ಟ 12 ವೋಲ್ಟಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12.2ರ ಆಸುಪಾಸಿನಲ್ಲಿದ್ದರೆ ಅರ್ಧ ಖಾಲಿಯಾಗಿದೆ ಎಂದೂ, 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿಯಾಗಿದೆ ಎಂದೂ ತಿಳಿಯಬಹುದು. ಒಳ್ಳೆಯ ಚಾರ್ಜ್ ಕೊಟ್ಟ ಮೇಲೂ 10.5 ವೋಲ್ಟಿನ ಹತ್ತಿರವೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ ಎಂದರ್ಥ, ಅಂತಹ ಬ್ಯಾಟರಿಯನ್ನು ಬದಲಿಸದೆ ಬೇರೆ ದಾರಿಯಿಲ್ಲ. 6 ವೋಲ್ಟಿನ ಬ್ಯಾಟರಿಗೆ ಈ ಅಂಕಿಗಳನ್ನು ಅರ್ಧ ಮಾಡಿಕೊಳ್ಳಬೇಕು: ಪೂರ್ಣ ಚಾರ್ಜಿಗೆ 6.3, ಅರ್ಧಕ್ಕೆ 6.1.

ಆದರೆ ಸುಮ್ಮನೆ ನಿಂತಿರುವ ಬ್ಯಾಟರಿಯ ವೋಲ್ಟೇಜ್ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಹೆಡ್‌ಲೈಟಿನ ಬಲ್ಬೊಂದನ್ನು ನೇರವಾಗಿ ಬ್ಯಾಟರಿಯ ಎರಡು ಧ್ರುವಗಳಿಗೆ ಹಚ್ಚಿ ಒಂದೆರಡು ನಿಮಿಷ ಉರಿಸಿ, ಆ ಹೊತ್ತಿನಲ್ಲಿ ವೋಲ್ಟೇಜ್ ಎಲ್ಲಿಗೆ ಇಳಿಯುತ್ತದೆ ಎಂದು ನೋಡಬೇಕು. 35 ವ್ಯಾಟಿನ ಬಲ್ಬಿಗೆ 12 ವೋಲ್ಟಿನ ಆರೋಗ್ಯವಂತ ಬ್ಯಾಟರಿ 12ರ ಮೇಲೆಯೇ ನಿಲ್ಲುತ್ತದೆ. ದುರ್ಬಲ ಬ್ಯಾಟರಿಯ ವೋಲ್ಟೇಜ್ ನೋಡುತ್ತಿದ್ದಂತೆಯೇ ಕುಸಿಯುತ್ತಾ ಹೋಗುತ್ತದೆ. ನೀರು ಹಾಕುವ ಮಾದರಿಯ ಬ್ಯಾಟರಿಯಾದರೆ ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಪ್ರತಿ ಸೆಲ್ ಅಳೆಯುವುದು ಇನ್ನೂ ಒಳ್ಳೆಯದು: 1.26ರಿಂದ 1.28 ಬಂದರೆ ಪೂರ್ಣ ಚಾರ್ಜ್, 1.20ರ ಹತ್ತಿರ ಬಂದರೆ ಅರ್ಧ, ಒಂದು ಸೆಲ್ ಮಾತ್ರ ಉಳಿದವುಗಳಿಗಿಂತ ಬಹಳ ಕಡಿಮೆ ತೋರಿಸಿದರೆ ಆ ಸೆಲ್ ಕೆಟ್ಟಿದೆ. ಮಟ್ಟ ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕೇ ಹೊರತು ಆಸಿಡ್ ಅಲ್ಲ. ಚಾರ್ಜರಿನ ಕರೆಂಟು ಬ್ಯಾಟರಿಯ ಸಾಮರ್ಥ್ಯದ ಹತ್ತನೇ ಒಂದು ಭಾಗವನ್ನು ಮೀರದಿರಲಿ. 5 ಆಂಪಿಯರ್-ಅವರ್ ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ಕಾರಿನ ಚಾರ್ಜರಿಗೆ ಹಚ್ಚಿ ಒಂದು ಗಂಟೆಯಲ್ಲಿ ತುಂಬಿಸಿಕೊಡುವ ಪದ್ಧತಿ ಚಿಕ್ಕ ಬ್ಯಾಟರಿಗಳ ಆಯುಷ್ಯವನ್ನು ಕಿತ್ತುಕೊಳ್ಳುತ್ತದೆ.

ಅರ್ಥಿಂಗ್ ಮತ್ತು ದಾರಿಯಲ್ಲಿ ಕಳೆದುಹೋಗುವ ವೋಲ್ಟೇಜ್

ಈ ಬರಹದಲ್ಲಿ ಒಂದೇ ಭಾಗವನ್ನು ಓದಲು ಸಮಯವಿದ್ದರೆ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್, ಕೀ, ಸ್ವಿಚ್, ವೈರುಗಳನ್ನು ಜೋಡಿಸುವ ಹಲವು ಕಪ್ಲರ್‌ಗಳನ್ನು ದಾಟಿ ಬಲ್ಬನ್ನು ತಲುಪಿ, ಅಲ್ಲಿಂದ ಫ್ರೇಮ್ ಅಥವಾ ಎಂಜಿನ್ ಮೂಲಕ ಬ್ಯಾಟರಿಗೆ ಮರಳಬೇಕು. ಹೋಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ಮರಳುವ ದಾರಿಯನ್ನು ಬಹಳ ಮಂದಿ ಮರೆಯುತ್ತಾರೆ. ಹಳೆಯ ಬೈಕಿನಲ್ಲಿ ಮರಳುವ ದಾರಿಯೆಂದರೆ ತುಕ್ಕು ಹಿಡಿದ ಬೋಲ್ಟುಗಳು, ಬಣ್ಣ ಬಳಿದ, ವೈರಿನ ತುದಿಯ ಲೋಹದ ಲಗ್‌ಗಳು ಮತ್ತು ಗ್ರೀಸ್ ತುಂಬಿದ ಬೇರಿಂಗುಗಳೇ.

6 ವೋಲ್ಟಿನ ಬೈಕುಗಳಿಗೆ ಇದು ಏಕೆ ಇಷ್ಟು ಕಾಡುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 35 ವ್ಯಾಟಿನ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆಯುತ್ತದೆ, 6 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಎಲ್ಲೋ ಒಂದು ಕಡೆ 0.1 ಓಮ್ ರೋಧವಿದೆ ಎಂದುಕೊಂಡರೆ ಮೊದಲನೆಯದರಲ್ಲಿ 0.3 ವೋಲ್ಟ್, ಅಂದರೆ ಒಟ್ಟಿನ ಶೇ. 2.5ರಷ್ಟು ನಷ್ಟವಾಗುತ್ತದೆ; ಎರಡನೆಯದರಲ್ಲಿ 0.6 ವೋಲ್ಟ್, ಅಂದರೆ ಶೇ. 10ರಷ್ಟು. ಒಂದೇ ಕಿಲುಬು 6 ವೋಲ್ಟಿನ ಬೈಕಿಗೆ ನಾಲ್ಕು ಪಟ್ಟು ಹಾನಿ ಮಾಡುತ್ತದೆ. ಫಿಲಮೆಂಟ್ ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವುದರಿಂದ ವೋಲ್ಟೇಜ್ ಶೇ. 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ. 30ರಷ್ಟು ಕಡಿಮೆಯಾಗುತ್ತದೆ. ಹಳೆಯ ಜಾವಾದ ಹೆಡ್‌ಲೈಟನ್ನು ನೋಡಿ ಇದರ ದೀಪವೇ ಇಷ್ಟು ಎಂದು ಸುಮ್ಮನಾಗುವವರು ಮೊದಲು ಈ ನಷ್ಟವನ್ನು ಅಳೆದು ನೋಡಬೇಕು. ಅದರ ದೀಪ ಹೊಸದಾಗಿದ್ದಾಗ ಹೀಗಿರಲಿಲ್ಲ.

ಅಳೆಯುವ ವಿಧಾನ ಸರಳ. ಬ್ಯಾಟರಿಯಿಂದ ಉರಿಯುವ ಹೆಡ್‌ಲೈಟ್ ಇರುವ ಬೈಕಿನಲ್ಲಿ ದೀಪ ಹಾಕಿ, ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಧ್ರುವದ ಸೀಸದ ಮೇಲೆಯೇ ಒತ್ತಿ ಹಿಡಿಯಬೇಕು; ವೈರಿನ ಲಗ್ಗಿನ ಮೇಲೆ ಹಿಡಿದರೆ ಲಗ್ಗಿಗೂ ಧ್ರುವಕ್ಕೂ ನಡುವಿನ ದೋಷ ಕಾಣಿಸುವುದಿಲ್ಲ. ಕೆಂಪು ಕಡ್ಡಿಯನ್ನು ಬಲ್ಬ್ ಹೋಲ್ಡರಿನ ಅರ್ಥಿಂಗಿಗೆ ಮುಟ್ಟಿಸಿದಾಗ ಬರುವ ಓದೇ ಮರಳುವ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.1 ಅಥವಾ ಅದಕ್ಕಿಂತ ಕಡಿಮೆ ಬಂದರೆ ಚೆನ್ನಾಗಿದೆ, 0.2 ದಾಟಿದರೆ ಹುಡುಕಬೇಕು, ಅರ್ಧ ವೋಲ್ಟ್ ಬಂದರೆ ದೋಷ ಅಲ್ಲಿಯೇ ಇದೆ. ಆಗ ಕೆಂಪು ಕಡ್ಡಿಯನ್ನು ಹೆಡ್‌ಲೈಟಿನ ಡೂಮಿಗೆ, ಹ್ಯಾಂಡಲ್‌ಬಾರಿಗೆ, ಫ್ರೇಮಿಗೆ, ಎಂಜಿನ್ನಿಗೆ, ಕೊನೆಗೆ ಅರ್ಥಿಂಗ್ ಬೋಲ್ಟಿಗೆ ಹೀಗೆ ಒಂದೊಂದೇ ಹೆಜ್ಜೆ ಬ್ಯಾಟರಿಯ ಕಡೆಗೆ ತರಬೇಕು. ಓದು ಎಲ್ಲಿ ಥಟ್ಟನೆ ಇಳಿಯುತ್ತದೆಯೋ ಆ ಜಾಗಕ್ಕೂ ಅದರ ಹಿಂದಿನ ಜಾಗಕ್ಕೂ ನಡುವೆ ದೋಷವಿದೆ. ಪಾಸಿಟಿವ್ ಕಡೆಯೂ ಹೀಗೆಯೇ: ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಸೀಸದ ಮೇಲಿರಲಿ, ಇನ್ನೊಂದು ಬಲ್ಬಿನ ತುದಿಯಿಂದ ಹಿಂದಕ್ಕೆ ಡಿಮ್-ಡಿಪ್ ಸ್ವಿಚ್, ದೀಪದ ಸ್ವಿಚ್, ಕೀ, ಫ್ಯೂಸ್ ಎಂದು ಸಾಗಲಿ. ಹಳೆಯ ಗಾಜಿನ ಫ್ಯೂಸುಗಳ ಹಿತ್ತಾಳೆ ಕ್ಲಿಪ್ಪುಗಳು ಮತ್ತು ಕೀ ಸ್ವಿಚ್ಚಿನ ಒಳಗಿನ ತಾಮ್ರದ ಪಟ್ಟಿಗಳು ಈ ದಾರಿಯ ಅತ್ಯಂತ ದುರ್ಬಲ ಸ್ಥಳಗಳು. ದೀಪ ಆರಿಸಿ ಅಳೆದರೆ ಈ ಯಾವ ನಷ್ಟವೂ ಕಾಣುವುದಿಲ್ಲ, ಏಕೆಂದರೆ ಕರೆಂಟು ಹರಿಯದ ಕಡೆ ನಷ್ಟವೂ ಇರುವುದಿಲ್ಲ. ಆರ್‌ಎಕ್ಸ್ 100ರ ಹೆಡ್‌ಲೈಟ್ ಎಂಜಿನ್ ತಿರುಗಿದಾಗ ಮಾತ್ರ ವಿದ್ಯುತ್ ಹುಟ್ಟಿಸುವ ಮ್ಯಾಗ್ನೆಟ್ಟಿನ ಎಸಿ ಸಪ್ಲೈಯಿಂದ ಉರಿಯುವುದರಿಂದ ಅಲ್ಲಿ ಈ ಪರೀಕ್ಷೆಯನ್ನು ಬ್ರೇಕ್ ಲೈಟ್ ಅಥವಾ ಹಾರ್ನ್ ಬಳಸಿ ಮಾಡಬೇಕು. ಎಂಜಿನ್ ನಿಂತಿರುವಾಗ ಅದರ ಹೆಡ್‌ಲೈಟ್ ಉರಿಯದಿರುವುದು ದೋಷವಲ್ಲ.

ಹೊಸದಾಗಿ ರೀಸ್ಟೋರ್ ಮಾಡಿಸಿದ ಬೈಕುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸಿದಾಗ ಎಂಜಿನ್ ಕೂರುವ ಜಾಗ, ಅರ್ಥಿಂಗ್ ಬೋಲ್ಟಿನ ಜಾಗ, ಟೈಲ್ ಲ್ಯಾಂಪ್ ಕೂರುವ ಮಡ್‌ಗಾರ್ಡಿನ ತೂತು ಎಲ್ಲವೂ ದಪ್ಪ ಲೇಪನದಿಂದ ಮುಚ್ಚಿಹೋಗುತ್ತವೆ, ಆ ಲೇಪನದಲ್ಲಿ ಕರೆಂಟು ಹಾಯುವುದಿಲ್ಲ. ಕಣ್ಣಿಗೆ ಹೊಳೆಯುವ ಬೈಕಿನಲ್ಲಿ ಇಂಡಿಕೇಟರ್ ಹಾಕಿದರೆ ಟೈಲ್ ಲ್ಯಾಂಪ್ ಮಿನುಗುವುದು, ಬ್ರೇಕ್ ಒತ್ತಿದರೆ ಬೇರೊಂದು ದೀಪ ಮಂಕಾಗುವುದು ಇದರ ಲಕ್ಷಣ. ತನ್ನ ಅರ್ಥಿಂಗ್ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ದಾರಿ ಹುಡುಕುತ್ತಿರುತ್ತದೆ. ಬೋಲ್ಟಿನ ಕೆಳಗಿನ ಲೇಪನವನ್ನು ಲೋಹ ಕಾಣುವವರೆಗೆ ಕೆರೆದು, ಸ್ಟಾರ್ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಬೇಕು. ಇದಕ್ಕಿಂತಲೂ ನಾನು ಒತ್ತಿ ಹೇಳುವುದೆಂದರೆ, ಬ್ಯಾಟರಿಯ ನೆಗೆಟಿವ್‌ನಿಂದ ಎಂಜಿನ್ನಿಗೆ ಒಂದು, ಹೆಡ್‌ಲೈಟಿನ ಡೂಮಿಗೆ ಒಂದು, ಟೈಲ್ ಲ್ಯಾಂಪಿಗೆ ಒಂದು ಪ್ರತ್ಯೇಕ ಅರ್ಥಿಂಗ್ ವೈರ್ ಎಳೆಯಬೇಕು. ಹ್ಯಾಂಡಲ್‌ಬಾರಿನ ಅರ್ಥಿಂಗನ್ನು ಸ್ಟಿಯರಿಂಗ್ ಬೇರಿಂಗಿನ ಗುಂಡುಗಳಿಗೆ ಬಿಡುವುದು ಯಾವ ಕಾಲಕ್ಕೂ ಭರವಸೆಯ ವ್ಯವಸ್ಥೆಯಲ್ಲ. ಇಡೀ ವೈರಿಂಗ್ ಕಿಟ್ ಬದಲಿಸುವ ಮೊದಲು ಈ ಮೂರು ವೈರುಗಳನ್ನು ಹಾಕಿ ನೋಡಿದರೆ ಎಷ್ಟೋ ಬೈಕುಗಳಿಗೆ ಹೊಸ ಕಿಟ್ಟಿನ ಅಗತ್ಯವೇ ಬೀಳುವುದಿಲ್ಲ.

ಮಂಗಳೂರು, ಕುಂದಾಪುರ, ಕಾರವಾರದ ಕಡೆಯ ಉಪ್ಪಿನ ಗಾಳಿಯಲ್ಲಿ ಹಸಿರು ಕಿಲುಬು ವೈರಿನ ತುದಿಯಿಂದ ಒಳಕ್ಕೆ, ಪ್ಲಾಸ್ಟಿಕ್ ಹೊದಿಕೆಯ ಕೆಳಗೂ ಹರಡುತ್ತದೆ. ತುದಿಯಲ್ಲಿ ಸುಲಿದು ನೋಡಿದಾಗ ತಾಮ್ರ ಕಪ್ಪಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಲಗ್ ಹಾಕಬೇಕು, ಕಪ್ಪಾದ ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ.

ಕಿಡಿ ಬಾರದಿದ್ದಾಗ

ಬ್ಯಾಟರಿ-ಕಾಯಿಲ್-ಪಾಯಿಂಟ್ ಮಾದರಿಯ ಇಗ್ನಿಶನ್ನಿನಲ್ಲಿ ಎಲ್ಲವನ್ನೂ ಮುಟ್ಟಿ ಪರೀಕ್ಷಿಸಬಹುದು. ಪ್ಲಗ್ ಬಿಚ್ಚಿ, ಕ್ಯಾಪಿಗೆ ಹಾಕಿ, ಅದರ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗುವಂತೆ ಇಡಬೇಕು. ಪ್ಲಗ್ಗಿನ ತೂತಿನಿಂದ ಪೆಟ್ರೋಲ್ ಆವಿ ಚಿಮ್ಮುವುದರಿಂದ ಅದರ ಬಾಯಿಯಿಂದ ದೂರವಿಟ್ಟು ಕಿಕ್ ಹೊಡೆಯಬೇಕು. ನೀಲಿ, ಗಟ್ಟಿ ಸದ್ದಿನ ಕಿಡಿ ಬಂದರೆ ದೋಷವನ್ನು ಬೇರೆಡೆ ಹುಡುಕಬೇಕು. ಹಳದಿ, ಬಡಕಲು ಕಿಡಿ ಬಂದರೆ ಅಥವಾ ಏನೂ ಬಾರದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಬೇಕು. ನಂತರ ಕ್ಯಾಪನ್ನು ತಿರುಗಿಸಿ ತೆಗೆದು, ದಪ್ಪ ವೈರಿನ ತುದಿಯನ್ನು ಐದಾರು ಮಿಲಿಮೀಟರ್ ಕತ್ತರಿಸಿ ಮತ್ತೆ ಹಾಕಬೇಕು. ಮಲೆನಾಡಿನ ಮಳೆಗಾಲದಲ್ಲಿ ಕ್ಯಾಪಿನೊಳಗೆ ನೀರು ಸೇರಿ ಕಿಡಿ ಸೋರುವುದು ತೀರ ಸಾಮಾನ್ಯ, ರಾತ್ರಿ ಕತ್ತಲೆಯಲ್ಲಿ ಎಂಜಿನ್ ಓಡಿಸಿ ನೋಡಿದರೆ ಆ ಸೋರಿಕೆ ಕಣ್ಣಿಗೇ ಕಾಣಿಸುತ್ತದೆ.

ಇಷ್ಟರಲ್ಲಿ ಸರಿಹೋಗದಿದ್ದರೆ ಮೀಟರಿನ ಕಪ್ಪು ಕಡ್ಡಿಯನ್ನು ಅರ್ಥಿಂಗಿಗೆ ಇಟ್ಟು, ಕಾಯಿಲಿನ ಎರಡು ಸಣ್ಣ ತುದಿಗಳಲ್ಲಿ ಒಂದೊಂದಾಗಿ ವೋಲ್ಟೇಜ್ ಅಳೆಯಬೇಕು. ಈ ಒಂದು ಪರೀಕ್ಷೆಯೇ ಕಾಯಿಲ್, ಪಾಯಿಂಟ್, ಕಂಡೆನ್ಸರ್ (ಪಾಯಿಂಟಿನ ನಡುವೆ ದೊಡ್ಡ ಕಿಡಿ ಹಾರದಂತೆ ತಡೆಯುವ ಭಾಗ) ಮೂರರ ನಡುವೆ ತೀರ್ಪು ಕೊಡುತ್ತದೆ. ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಬೇಕು. ಕೀ ಕಡೆಯಿಂದ ಬರುವ ತುದಿಯಲ್ಲಿ ವೋಲ್ಟೇಜ್ ಬ್ಯಾಟರಿಯದಕ್ಕಿಂತ ಇಳಿದಿರುವುದು ಅರ್ಧ ವೋಲ್ಟನ್ನು ಮೀರಬಾರದು; ಮೀರಿದರೆ ಕೀ ಅಥವಾ ವೈರಿನಲ್ಲಿ ನಷ್ಟವಾಗುತ್ತಿದೆ. ಪಾಯಿಂಟಿಗೆ ಹೋಗುವ ತುದಿಯಲ್ಲಿ ಪಾಯಿಂಟ್ ಮುಚ್ಚಿರುವಾಗ ಬಹುತೇಕ ಸೊನ್ನೆ, ತೆರೆದಾಗ ಬ್ಯಾಟರಿಯಷ್ಟೇ ವೋಲ್ಟೇಜ್ ಬರಬೇಕು. ಮುಚ್ಚಿದಾಗಲೂ ಪೂರ್ಣ ವೋಲ್ಟೇಜ್ ಇದ್ದರೆ ಪಾಯಿಂಟಿನ ಮೇಲೆ ಎಣ್ಣೆ ಅಥವಾ ಮಸಿ ಕೂತು ಕರೆಂಟು ದಾಟುತ್ತಿಲ್ಲ. ತೆರೆದಾಗಲೂ ಸೊನ್ನೆಯೇ ಇದ್ದು, ಮೊದಲ ತುದಿಗೆ ಸಪ್ಲೈ ಬರುತ್ತಿದ್ದರೆ ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಪಾಯಿಂಟ್ ಹಾಕುವಾಗ ಇನ್ಸುಲೇಟಿಂಗ್ ವಾಷರ್ ಜಾಗ ತಪ್ಪಿದೆ, ಅಥವಾ ಕಾಯಿಲ್ ಒಳಗೆ ತುಂಡಾಗಿದೆ. ಪಾಯಿಂಟಿನ ವೈರನ್ನು ಕಾಯಿಲಿನಿಂದ ಬಿಡಿಸಿದಾಗ ಆ ತುದಿಯಲ್ಲಿ ವೋಲ್ಟೇಜ್ ಕಾಣಿಸಿಕೊಂಡರೆ ಕಾಯಿಲ್ ನಿರಪರಾಧಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಕೀಯನ್ನು ಬಹಳ ಹೊತ್ತು ಆನ್ ಇಟ್ಟರೆ ಕಾಯಿಲ್ ಕಾದು ಸುಡುತ್ತದೆ, ಆದ್ದರಿಂದ ಅಳತೆ ಬೇಗ ಮುಗಿಸಬೇಕು.

ಬುಲೆಟ್ ಸವಾರರಿಗೆ ಇದರ ಅರ್ಧ ಕೆಲಸವನ್ನು ಹೆಡ್‌ಲೈಟಿನ ಮೇಲಿನ ಆಂಪಿಯರ್ ಮೀಟರೇ ಮಾಡಿಕೊಡುತ್ತದೆ. ಕೀ ಆನ್ ಮಾಡಿ ಕಿಕ್ಕರನ್ನು ನಿಧಾನವಾಗಿ ಒತ್ತಿದಾಗ ಪಾಯಿಂಟ್ ಮುಚ್ಚಿದಂತೆ ಮುಳ್ಳು ಮೈನಸ್ ಕಡೆಗೆ ವಾಲಿ, ತೆರೆದಂತೆ ಮಧ್ಯಕ್ಕೆ ಮರಳಬೇಕು. ಮುಳ್ಳು ಅಲುಗದಿದ್ದರೆ ಕರೆಂಟು ಕಾಯಿಲಿಗೆ ಹೋಗುತ್ತಿಲ್ಲ ಅಥವಾ ಪಾಯಿಂಟ್ ಮುಚ್ಚುತ್ತಿಲ್ಲ. ಮೈನಸ್ಸಿನಲ್ಲಿಯೇ ನಿಂತುಬಿಟ್ಟರೆ ಪಾಯಿಂಟ್ ತೆರೆಯುತ್ತಿಲ್ಲ ಅಥವಾ ಎಲ್ಲೋ ಅರ್ಥಿಂಗ್ ಹೊಡೆಯುತ್ತಿದೆ. ಈ ಮೀಟರನ್ನು ಅಲಂಕಾರವೆಂದು ತಿಳಿದು ವೈರ್ ತಪ್ಪಿಸಿಬಿಡುವವರಿದ್ದಾರೆ. ಹಾಗೆ ಮಾಡಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಪಾಯಿಂಟಿನ ಅಂತರ ಬುಲೆಟಿಗೆ 0.35ರಿಂದ 0.40 ಮಿಲಿಮೀಟರ್, ಜಾವಾಕ್ಕೆ 0.4 ಮಿಲಿಮೀಟರ್. ಗೇಜನ್ನು ಪೂರ್ಣ ತೆರೆದ ಸ್ಥಿತಿಯಲ್ಲಿ ಮಾತ್ರ ಹಾಕಬೇಕು. ಅಂತರ ಬದಲಾದರೆ ಟೈಮಿಂಗ್ ಕೂಡ ಬದಲಾಗುವುದರಿಂದ ಅದನ್ನೂ ಮತ್ತೆ ನೋಡಲೇಬೇಕು. ಎಂಜಿನ್ ಓಡುವಾಗ ಪಾಯಿಂಟಿನ ನಡುವೆ ದೊಡ್ಡ ಕಿಡಿಗಳು ಹಾರುತ್ತಿದ್ದರೆ, ಪಾಯಿಂಟಿನ ಮುಖ ಬೇಗಬೇಗ ಕುಳಿ ಬೀಳುತ್ತಿದ್ದರೆ ಕಂಡೆನ್ಸರನ್ನು ಶಂಕಿಸಬೇಕು. ತಣ್ಣಗಿರುವಾಗ ಚೆನ್ನಾಗಿ ಓಡಿ, ಇಪ್ಪತ್ತು ಮೂವತ್ತು ನಿಮಿಷಗಳಲ್ಲಿ ಕಾದು ನಿಂತು, ಆರಿದ ಮೇಲೆ ಮತ್ತೆ ಸ್ಟಾರ್ಟ್ ಆಗುವ ಬೈಕಿನಲ್ಲಿಯೂ ಮೊದಲ ಶಂಕೆ ಕಂಡೆನ್ಸರಿನ ಮೇಲೆ, ಎರಡನೆಯದು ಕಾಯಿಲಿನ ಮೇಲೆ. ಕಂಡೆನ್ಸರನ್ನು ಎಂಜಿನ್ನಿನ ಬಿಸಿಯಿಂದ ಹೊರತಂದು, ಕಾಯಿಲಿನ ಪಾಯಿಂಟ್ ಕಡೆಯ ತುದಿಗೆ ಅದರ ವೈರನ್ನು ಸೇರಿಸಿ, ಅದರ ಮೈಯನ್ನು ಫ್ರೇಮಿಗೆ ಬಿಗಿದರೆ ಅದೇ ಕೆಲಸ ನಡೆಯುತ್ತದೆ, ಆಯುಷ್ಯವೂ ಹೆಚ್ಚುತ್ತದೆ. ಈಗ ಅಂಗಡಿಗಳಲ್ಲಿ ಸಿಗುವ ಕಂಡೆನ್ಸರುಗಳ ಗುಣಮಟ್ಟ ಒಂದೇ ಸಮನಾಗಿಲ್ಲ. ಆದ್ದರಿಂದ ಕೆಲಸ ಮಾಡುತ್ತಿರುವ ಹಳೆಯದನ್ನು ಮುನ್ನೆಚ್ಚರಿಕೆಯ ಹೆಸರಿನಲ್ಲಿ ಎಸೆಯಬಾರದು.

ಆರ್‌ಎಕ್ಸ್ 100ರಂತಹ ಸಿಡಿಐ (ಪಾಯಿಂಟ್ ಇಲ್ಲದ ಎಲೆಕ್ಟ್ರಾನಿಕ್ ಇಗ್ನಿಶನ್) ಬೈಕಿನಲ್ಲಿ ಕಿಡಿಗೆ ಬ್ಯಾಟರಿಯ ಹಂಗಿಲ್ಲ. ಮ್ಯಾಗ್ನೆಟ್ಟಿನ ಒಳಗಿನ ಕಾಯಿಲುಗಳೇ ಸಿಡಿಐಗೆ ಸಪ್ಲೈ ಕೊಡುತ್ತವೆ, ಕೀ ಆಫ್ ಮಾಡಿದಾಗ ಒಂದು ವೈರ್ ಅರ್ಥಿಂಗಿಗೆ ಸೇರಿ ಕಿಡಿ ನಿಲ್ಲುತ್ತದೆ. ಹೀಗಾಗಿ ಕಿಡಿ ಇಲ್ಲದಿದ್ದರೆ ಮೊದಲು ಆ ಕಪ್ಪು-ಬಿಳಿ ವೈರನ್ನು ಸಿಡಿಐ ಕಪ್ಲರಿನ ಹತ್ತಿರ ಬಿಡಿಸಿ ಕಿಕ್ ಹೊಡೆದು ನೋಡಬೇಕು. ಕಿಡಿ ಬಂದರೆ ಸಿಡಿಐ ಸರಿಯಿದೆ. ಕೀ ಸ್ವಿಚ್ ಅಥವಾ ಆ ವೈರ್ ಎಲ್ಲೋ ಅರ್ಥಿಂಗಿಗೆ ತಾಗುತ್ತಿದೆ. ಬಾರದಿದ್ದರೆ ಮ್ಯಾಗ್ನೆಟ್ ಕಾಯಿಲುಗಳ ಓಮ್ ಅಳೆದು ಆ ಮಾದರಿಯ ಕೈಪಿಡಿಯ ಅಂಕಿಗೆ ಹೋಲಿಸಬೇಕು, ಸಾಧ್ಯವಾದರೆ ಎಂಜಿನ್ ಕಾದಿರುವಾಗಲೂ ಅಳೆಯಬೇಕು. ತಣ್ಣಗಿರುವಾಗ ಸರಿ ತೋರಿಸುವ ಕಾಯಿಲ್ ಬಿಸಿಯಲ್ಲಿ ತುಂಡಾಗುವುದುಂಟು. ಪ್ಲಗ್ಗನ್ನು ಅರ್ಥಿಂಗಿಗೆ ತಾಗಿಸದೆ ಕ್ಯಾಪನ್ನು ಗಾಳಿಯಲ್ಲಿ ತೂಗುಬಿಟ್ಟು ಕಿಕ್ ಹೊಡೆದರೆ ಸಿಡಿಐ ಸುಟ್ಟುಹೋಗಬಹುದು.

ಚಾರ್ಜಿಂಗ್

12 ವೋಲ್ಟಿನ ಬೈಕಿನಲ್ಲಿ ಎಂಜಿನ್ ಓಡಿಸಿ, ಬ್ಯಾಟರಿಯ ಧ್ರುವಗಳ ಮೇಲೆ ಮೀಟರ್ ಇಟ್ಟು ಆಕ್ಸಿಲರೇಟರ್ ಏರಿಸಿದಾಗ ಓದು 13.5ರಿಂದ 14.5ರ ನಡುವೆ ಬಂದು ನಿಲ್ಲಬೇಕು. 13ನ್ನು ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ, 15ನ್ನು ದಾಟಿದರೆ ರೆಗ್ಯುಲೇಟರ್ ಕೆಟ್ಟು ಬ್ಯಾಟರಿಯ ನೀರು ಕುದಿಯುತ್ತಿದೆ. ಚಾರ್ಜ್ ಕಡಿಮೆ ಕಂಡ ಕೂಡಲೇ ಆರ್‌ಆರ್ ಯೂನಿಟ್ ತರಲು ಓಡಬಾರದು. ಅದರ ಔಟ್‌ಪುಟ್ ವೈರಿನಲ್ಲಿ ಎಷ್ಟಿದೆ, ಬ್ಯಾಟರಿಯಲ್ಲಿ ಎಷ್ಟಿದೆ ಎಂದು ಎರಡನ್ನೂ ಅಳೆದು, ನಡುವೆ 0.3 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ದಾರಿಯ ಕಪ್ಲರನ್ನು ಸರಿಪಡಿಸಬೇಕು. ಯೂನಿಟ್ಟಿನ ಮೈಗೆ ಒಳ್ಳೆಯ ಅರ್ಥಿಂಗ್ ಇದೆಯೇ ಎಂಬುದನ್ನೂ ನೋಡಬೇಕು. ಬಿಸಿಗೆ ಕಪ್ಪಾಗಿ ಕರಗಿದ ಕಪ್ಲರ್ ಸಾಮಾನ್ಯವಾಗಿ ಇಲ್ಲಿಯೇ ಸಿಗುತ್ತದೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರ್ ಕಿತ್ತು ಚಾರ್ಜಿಂಗ್ ಪರೀಕ್ಷಿಸುವ ಹಳೆಯ ಪದ್ಧತಿಯನ್ನು ಕೈಬಿಡಬೇಕು, ಅದರಿಂದ ವೋಲ್ಟೇಜ್ ಒಮ್ಮೆಲೇ ಏರಿ ಬಲ್ಬುಗಳೂ ರೆಗ್ಯುಲೇಟರೂ ಸುಡುತ್ತವೆ.

ಹಳೆಯ ಜಾವಾದ 6 ವೋಲ್ಟ್, 45 ವ್ಯಾಟಿನ ಡೈನಮೋ ಬೇರೆಯೇ ಜಾತಿಯದು, ಅದನ್ನು ಬಲ್ಲವರು ಈಗ ಕಡಿಮೆಯಾಗುತ್ತಿರುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕೀ ಆನ್ ಮಾಡಿದಾಗ ಹೆಡ್‌ಲೈಟಿನ ಮೇಲಿನ ಕೆಂಪು ದೀಪ ಹತ್ತಬೇಕು, ಎಂಜಿನ್ ವೇಗ ಪಡೆದಾಗ ಆರಬೇಕು. ಕೀ ಆನ್ ಮಾಡಿದಾಗಲೇ ಹತ್ತದಿದ್ದರೆ ಆ ಬಲ್ಬ್ ಹೋಗಿದೆ ಅಥವಾ ಕಾರ್ಬನ್ ಬ್ರಶ್ ಆರ್ಮೇಚರಿಗೆ ತಾಗುತ್ತಿಲ್ಲ. ವೇಗ ಏರಿದರೂ ಆರದಿದ್ದರೆ ಡೈನಮೋ ಚಾರ್ಜ್ ಕೊಡುತ್ತಿಲ್ಲ. ಬಲಬದಿಯ ಕವರ್ ತೆಗೆದರೆ ಡೈನಮೋ ಎದುರಿಗೇ ಸಿಗುತ್ತದೆ. ಬ್ರಶ್‌ಗಳು ತಮ್ಮ ಗೂಡಿನಲ್ಲಿ ಸಲೀಸಾಗಿ ಜಾರುತ್ತವೆಯೇ, ಸವೆದು ಗಿಡ್ಡವಾಗಿವೆಯೇ, ಸ್ಪ್ರಿಂಗ್ ಒತ್ತುತ್ತಿದೆಯೇ ಎಂದು ನೋಡಬೇಕು. ತಾಮ್ರದ ಪಟ್ಟಿಗಳ ಮೇಲಿನ ಕರಿಯನ್ನು ನಯವಾದ ಉಪ್ಪು ಕಾಗದದಿಂದ ತೆಗೆದು, ಪಟ್ಟಿಗಳ ನಡುವಿನ ಸಂದಿಯಲ್ಲಿ ತುಂಬಿದ ಕಾರ್ಬನ್ ಪುಡಿಯನ್ನು ಮೊನಚಾದ ಬಿದಿರ ಕಡ್ಡಿಯಿಂದ ಬಿಡಿಸಬೇಕು. ಎಣ್ಣೆ ಬಿದ್ದಿದ್ದರೆ ಕ್ರ್ಯಾಂಕಿನ ಆಯಿಲ್ ಸೀಲ್ ಸೋರುತ್ತಿದೆ. ಅದನ್ನು ಬದಲಿಸದೆ ಬ್ರಶ್ ಮಾತ್ರ ಬದಲಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಅದೇ ಕಥೆ.

ರೆಗ್ಯುಲೇಟರಿನ ಕಟೌಟ್ (ಡೈನಮೋವನ್ನು ಬ್ಯಾಟರಿಗೆ ಸೇರಿಸಿ ಬಿಡಿಸುವ ಸ್ವಿಚ್) ಪಾಯಿಂಟ್ ಅಂಟಿಕೊಂಡರೆ ಎಂಜಿನ್ ನಿಂತ ಮೇಲೂ ಬ್ಯಾಟರಿಯ ಕರೆಂಟು ಡೈನಮೋಗೆ ಹರಿದು ವೈರ್ ಬಿಸಿಯಾಗುತ್ತದೆ. ಪರೀಕ್ಷೆಯ ಹೆಸರಿನಲ್ಲಿ ಕಟೌಟನ್ನು ಬೆರಳಿನಿಂದ ಒತ್ತಿ ಮುಚ್ಚುವುದು ಇದೇ ಕಾರಣಕ್ಕೆ ಅಪಾಯಕಾರಿ. ಇನ್ನು 45 ವ್ಯಾಟಿನಿಂದ ಏನನ್ನು ನಿರೀಕ್ಷಿಸಬಹುದು ಎಂಬ ಲೆಕ್ಕವೂ ಮನಸ್ಸಿನಲ್ಲಿರಬೇಕು. ಡೈನಮೋದ ಗರಿಷ್ಠ ಕರೆಂಟು 7.5 ಆಂಪಿಯರ್, ಅದರಲ್ಲಿ 35 ವ್ಯಾಟಿನ ಹೆಡ್‌ಲೈಟೊಂದೇ ಸುಮಾರು 6 ಆಂಪಿಯರ್ ತಿನ್ನುತ್ತದೆ. ಉಳಿದದ್ದು ಕಾಯಿಲಿಗೂ ಟೈಲ್ ಲ್ಯಾಂಪಿಗೂ ಸಾಕಾಗುವುದೇ ಕಷ್ಟ. ಇಂತಹ ಬೈಕಿಗೆ ಹೆಚ್ಚುವರಿ ದೀಪವನ್ನೋ ದೊಡ್ಡ ಹಾರ್ನನ್ನೋ ಹಾಕಿಸಿದರೆ ರಾತ್ರಿ ಸವಾರಿಯಲ್ಲಿ ಬ್ಯಾಟರಿ ಖಾಲಿಯಾಗುವುದನ್ನು ಯಾವ ದುರಸ್ತಿಯೂ ತಪ್ಪಿಸಲಾರದು.

ಇಂಡಿಕೇಟರ್ ಮತ್ತು ಹಾರ್ನ್

ಹಳೆಯ ಫ್ಲಾಶರ್ ಬಲ್ಬುಗಳು ಎಳೆಯುವ ಕರೆಂಟನ್ನು ಅವಲಂಬಿಸಿ ಮಿಟುಕಿಸುತ್ತದೆ. ಒಂದು ಬದಿ ಮಾತ್ರ ಮಿಟುಕದಿದ್ದರೆ ಆ ಬದಿಯ ಬಲ್ಬ್ ಅಥವಾ ಅದರ ಅರ್ಥಿಂಗ್ ದೋಷ, ಎರಡೂ ಬದಿ ಮಿಟುಕದಿದ್ದರೆ ಫ್ಲಾಶರ್ ಅಥವಾ ಬ್ಯಾಟರಿಯ ದೋಷ. ಎಲ್‌ಇಡಿ ಬಲ್ಬ್ ಹಾಕಿದರೆ ಅದಕ್ಕೆ ಹೊಂದುವ ಎಲೆಕ್ಟ್ರಾನಿಕ್ ಫ್ಲಾಶರ್ ಹಾಕಲೇಬೇಕು. ಹಾರ್ನ್ ಬಡಕಲಾಗಿದ್ದರೆ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟು ನೋಡಬೇಕು. ಆಗ ಗಟ್ಟಿಯಾಗಿ ಕೂಗಿದರೆ ಹಾರ್ನ್ ಸರಿಯಿದೆ, ಬಟನ್ನಿನ ಅಥವಾ ಅರ್ಥಿಂಗಿನ ದೋಷ.

ಫ್ಯೂಸ್ ಹಾರುವುದು, ಬ್ಯಾಟರಿ ತಾನಾಗಿ ಇಳಿಯುವುದು

ಹೊಸ ಫ್ಯೂಸ್ ಹಾಕಿದ ಕೂಡಲೇ ಹಾರಿದರೆ ಇನ್ನೊಂದು ಫ್ಯೂಸನ್ನು ಬಲಿಕೊಡುವ ಬದಲು ಫ್ಯೂಸಿನ ಎರಡು ಕ್ಲಿಪ್ಪುಗಳ ನಡುವೆ 21 ವ್ಯಾಟಿನ ಬಲ್ಬ್ ಜೋಡಿಸಬೇಕು. ಎಲ್ಲೋ ಶಾರ್ಟ್ ಇದ್ದರೆ ಆ ಬಲ್ಬ್ ಪೂರ್ಣ ಉರಿಯುತ್ತದೆ, ಆದರೆ 12 ವೋಲ್ಟಿನ ಬೈಕಿನಲ್ಲಿ 2 ಆಂಪಿಯರಿಗಿಂತ ಹೆಚ್ಚು ಹರಿಯಲು ಬಿಡದೆ ವೈರಿಂಗನ್ನು ಕಾಪಾಡುತ್ತದೆ. ಇನ್ನು ನಿಶ್ಚಿಂತೆಯಿಂದ ಒಂದೊಂದೇ ಕಪ್ಲರ್ ಬಿಡಿಸುತ್ತಾ, ವೈರಿನ ಕಟ್ಟನ್ನು ಅಲ್ಲಾಡಿಸುತ್ತಾ ಸಾಗಬಹುದು. ಬಲ್ಬ್ ಥಟ್ಟನೆ ಆರಿದ ಅಥವಾ ಮಂಕಾದ ಜಾಗದಲ್ಲಿಯೇ ಶಾರ್ಟ್ ಇದೆ. ಹೆಡ್‌ಲೈಟಿನ ಡೂಮಿನ ತೂತಿನ ಅಂಚು, ಸೀಟಿನ ಬುಡ, ಟೈಲ್ ಲ್ಯಾಂಪಿಗೆ ಹೋಗುವ ವೈರ್ ಮಡ್‌ಗಾರ್ಡಿನ ಒಳಗೆ ಟಯರಿಗೆ ಉಜ್ಜುವ ಜಾಗ, ಇಲಿ ಕಡಿಯುವ ಏರ್ ಫಿಲ್ಟರ್ ಪಕ್ಕದ ಸಂದಿ ಇವುಗಳನ್ನು ಮೊದಲು ನೋಡಬೇಕು. ಫ್ಯೂಸಿನ ಜಾಗಕ್ಕೆ ತಾಮ್ರದ ವೈರನ್ನೋ ಸಿಗರೇಟಿನ ಬೆಳ್ಳಿ ಕಾಗದವನ್ನೋ ಸುತ್ತಿ ಓಡಿಸುವುದು ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆಂಕಿ ಇಟ್ಟಂತೆ.

ನಿಲ್ಲಿಸಿಟ್ಟ ಬೈಕಿನ ಬ್ಯಾಟರಿ ರಾತ್ರಿ ಕಳೆಯುವುದರಲ್ಲಿ ಇಳಿಯುತ್ತಿದ್ದರೆ ಕೀ ಆಫ್ ಮಾಡಿ, ನೆಗೆಟಿವ್ ವೈರ್ ಬಿಡಿಸಿ, ಅದಕ್ಕೂ ಬ್ಯಾಟರಿಗೂ ನಡುವೆ ಮೀಟರನ್ನು ಆಂಪಿಯರ್ ಅಳತೆಯಲ್ಲಿ ಸೇರಿಸಬೇಕು. ಮೊದಲು 10 ಆಂಪಿಯರಿನ ಸಾಕೆಟ್ಟಿನಿಂದಲೇ ಆರಂಭಿಸಬೇಕು. ಗಡಿಯಾರವಾಗಲಿ ಕಂಪ್ಯೂಟರಾಗಲಿ ಇಲ್ಲದ ಈ ಬೈಕುಗಳಲ್ಲಿ ಓದು ಸೊನ್ನೆಯೇ ಆಗಿರಬೇಕು. ಏನಾದರೂ ತೋರಿಸಿದರೆ ಆರ್‌ಆರ್ ಯೂನಿಟ್ಟಿನ ಕಪ್ಲರ್ ಬಿಡಿಸಿ ನೋಡಬೇಕು. ಓದು ಆಗ ಸೊನ್ನೆಗೆ ಬಂದರೆ ಯೂನಿಟ್ಟಿನ ಒಳಗೆ ಸೋರಿಕೆಯಿದೆ, ಈ ಬಾರಿ ಅದನ್ನು ಬದಲಿಸುವುದು ನ್ಯಾಯ.

ಬಿಟ್ಟುಬಿಟ್ಟು ಬರುವ ದೋಷ

ಎಲ್ಲಕ್ಕಿಂತ ತಾಳ್ಮೆ ಬೇಡುವುದು ಇದು. ಗುಂಡಿ ಹಾರಿದಾಗ ಎಂಜಿನ್ ಒಮ್ಮೆ ಕೆಮ್ಮುವುದು, ಬಲಕ್ಕೆ ತಿರುಗಿದಾಗ ದೀಪ ಹೋಗುವುದು, ನೀರು ಹೊಡೆಸಿದ ಮರುದಿನ ಸ್ಟಾರ್ಟ್ ಆಗದಿರುವುದು ಇಂತಹವುಗಳಿಗೆ ಕಾರಣ ಹೆಚ್ಚಾಗಿ ಹೊದಿಕೆಯೊಳಗೆ ತುಂಡಾದ ವೈರ್. ಹ್ಯಾಂಡಲ್ ಸಾವಿರಾರು ಬಾರಿ ತಿರುಗುವುದರಿಂದ ಸ್ಟಿಯರಿಂಗ್ ಕಾಲಮ್ಮಿನ ಪಕ್ಕದಲ್ಲಿ ತಾಮ್ರದ ಎಳೆಗಳು ಒಂದೊಂದಾಗಿ ಮುರಿಯುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೆಯೇ ಇರುತ್ತದೆ. ದೋಷ ಇರುವ ದೀಪವನ್ನು ಉರಿಸಿ, ಹ್ಯಾಂಡಲನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸುತ್ತಾ, ವೈರಿನ ಕಟ್ಟನ್ನು ಎರಡು ಬೆರಳುಗಳಿಂದ ಹಿಡಿದು ಅಂಗುಲ ಅಂಗುಲವಾಗಿ ಬಾಗಿಸಿ ನೋಡಬೇಕು. ಮುರಿದ ಜಾಗದಲ್ಲಿ ವೈರ್ ಬೆರಳಿಗೆ ಮೆತ್ತಗೆ ಸಿಗುತ್ತದೆ.

ಸಿಕ್ಕ ಮೇಲೆ ಎರಡು ತುದಿಗಳನ್ನು ತಿರುಚಿ ಟೇಪ್ ಸುತ್ತಿದರೆ ಮುಂದಿನ ಮಳೆಗಾಲಕ್ಕೆ ಹೊಸ ದೋಷವನ್ನು ಕಟ್ಟಿಟ್ಟಂತಾಗುತ್ತದೆ. ಅದೇ ದಪ್ಪದ ಅಥವಾ ಸ್ವಲ್ಪ ಹೆಚ್ಚು ದಪ್ಪದ, ಹಲವು ಎಳೆಗಳಿರುವ ಆಟೋ ವೈರಿನ ತುಂಡನ್ನು ಬೆಸೆಯಬೇಕು, ಮನೆಯ ವೈರಿಂಗಿನ ಗಟ್ಟಿ ವೈರ್ ಇಲ್ಲಿ ಸಲ್ಲದು. ಬೆಸುಗೆಯನ್ನು ಬಾಗುವ ಜಾಗದಿಂದ ದೂರದಲ್ಲಿ ಇಟ್ಟುಕೊಂಡು ಹೀಟ್ ಶ್ರಿಂಕ್ ತೋಳನ್ನು ಏರಿಸಿ ಕಾಯಿಸಬೇಕು. ಕಪ್ಲರುಗಳನ್ನು ಕಾಂಟ್ಯಾಕ್ಟ್ ಕ್ಲೀನರಿನಿಂದ ತೊಳೆದು, ಹಿಗ್ಗಿದ ಹೆಣ್ಣು ತುದಿಗಳನ್ನು ಸಣ್ಣ ಇಕ್ಕಳದಿಂದ ಸ್ವಲ್ಪ ಒತ್ತಿ ಬಿಗಿ ಮಾಡಬೇಕು. ಟ್ಯಾಂಕ್ ಕೂರಿಸುವ ಮೊದಲು ಅದರ ತಳ ಯಾವ ವೈರನ್ನೂ ಅದುಮುತ್ತಿಲ್ಲವೆಂದು ನೋಡಿಕೊಂಡು, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ಣ ತಿರುಗಿಸಿ ವೈರಿನ ಕಟ್ಟು ಎಲ್ಲಿಯೂ ಎಳೆಯುತ್ತಿಲ್ಲವೆಂದು ಖಚಿತವಾದ ಮೇಲೆಯೇ ಕಟ್ಟುಗಳನ್ನು ಬಿಗಿಯಬೇಕು.